ಇಳಿಜಾರಿನಲ್ಲಿ ಮಾತ್ರ ಬರುವ ಸದ್ದು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕೇಕಿನವಳು ಎಂದೇ. ಮನೆಯ ಹಿಂದಿನ ಕೋಣೆಯಲ್ಲಿ ಓವನ್ ಇಟ್ಟುಕೊಂಡು ಮದುವೆಗೆ, ಹುಟ್ಟುಹಬ್ಬಕ್ಕೆ ಕೇಕ್ ಮಾಡಿಕೊಡುತ್ತಿದ್ದಳು. ಕೇಕ್ ಮಾಡುವುದು ಅರ್ಧ ಕೆಲಸ, ಅದನ್ನು ಸೊಟ್ಟಗಾಗದಂತೆ ತಲುಪಿಸುವುದು ಉಳಿದರ್ಧ. ಮೂರು ಅಂತಸ್ತಿನ ಕೇಕನ್ನು ಕಾರಿನಲ್ಲಿಟ್ಟುಕೊಂಡು ಊರಿನ ಆ ತುದಿಗೆ ಹೋಗುವವರಿಗೆ ಬ್ರೇಕ್ ಒತ್ತುವುದೆಂದರೆ ಮಲಗಿದ ಮಗುವಿನ ಕೋಣೆಯ ಬಾಗಿಲು ಹಾಕಿದ ಹಾಗೆ. ಅವಳ ಕಾಲಿಗೆ ಆ ಹದ ಒಗ್ಗಿತ್ತು.

ಹಿಂದಿನ ಸೀಟಿನಲ್ಲಿ ಡಬ್ಬಿ ಹಿಡಿದು ಕೂರುವುದು ಅತ್ತೆಯ ಕೆಲಸ. ಅತ್ತೆಗೆ ಕಿವಿ ಮಂದ. ಕಾರು ಹತ್ತಿದ ಕೂಡಲೇ ಕಿವಿಯ ಯಂತ್ರವನ್ನು ತೆಗೆದು ಪರ್ಸಿಗೆ ಹಾಕಿಕೊಳ್ಳುತ್ತಿದ್ದರು. "ಈ ರಸ್ತೆ ಗದ್ದಲ ಕೇಳೋಕೆ ನಾನೇನು ಸಂಬಳ ತಗೊಂಡಿದೀನಾ?" ಎನ್ನುತ್ತಿದ್ದರು.

ಮೊದಲು ಬಂದದ್ದು ಸಣ್ಣ ಕಿರಗುಟ್ಟುವಿಕೆ. ಸಿಗ್ನಲ್ ಬಳಿ ನಿಧಾನ ಮಾಡಿದಾಗ ತಟ್ಟೆಯ ಮೇಲೆ ಚಮಚ ಎಳೆದಂಥ ಸದ್ದು. ವಾರಂಟಿ ಇನ್ನೂ ಇದ್ದ ಕಾರು, ಆದ್ದರಿಂದ ಶೋರೂಮಿನ ಸರ್ವಿಸ್ ವಿಭಾಗಕ್ಕೇ ಹೋದಳು. ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಅಡ್ವೈಸರ್ ಒಬ್ಬ ಇದ್ದ. ನಡುವಯಸ್ಸು, ತೆಳ್ಳನೆಯ ಮೈ, ಬಿಗಿಯಾಗಿ ಕಟ್ಟಿದ ಟೈ. ಏನು ಹೇಳಿದರೂ "ನೋಡೋಣ ಮೇಡಂ" ಎನ್ನುತ್ತಿದ್ದ. ಅತ್ತೆ ಅವನಿಗೆ ಅಲ್ಲೇ ನೋಡೋಣಪ್ಪ ಎಂದು ಹೆಸರಿಟ್ಟರು.

ನೋಡೋಣಪ್ಪ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದ. ವೈದ್ಯರ ಮುಂದೆ ಹಲ್ಲುನೋವು ಮಾಯವಾದಂತೆ ಕಾರು ತುಟಿ ಬಿಚ್ಚಲಿಲ್ಲ. "ಧೂಳು ಇರಬೇಕು ಮೇಡಂ," ಎಂದು ಒರೆಸಿ ಕಳಿಸಿದ. ಎರಡೇ ದಿನಕ್ಕೆ ಕಿರಗುಟ್ಟುವಿಕೆ ಮರಳಿತು. ಮತ್ತೆ ಹೋದಾಗ ಮುಂದಿನ ಎರಡೂ ಚಕ್ರಗಳ ಬ್ರೇಕ್ ಪ್ಯಾಡ್ ಬದಲಿಸಿದರು. ಅಲ್ಲಿಗೆ ಕಿರಗುಟ್ಟುವುದು ನಿಂತುಹೋಯಿತು.

ಆದರೆ ಅದರ ಜಾಗದಲ್ಲಿ ಬೇರೊಂದು ಸದ್ದು ಹುಟ್ಟಿಕೊಂಡಿತು. ಟಕ್. ಒಂದೇ ಒಂದು ಸಲ. ಅದೂ ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ, ಕಾರಿನಲ್ಲಿ ಭಾರವಿದ್ದಾಗ ಮಾತ್ರ. ಯಾರೋ ಚಕ್ರದೊಳಗೆ ಕೂತು ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ.

ಗಂಡನನ್ನು ಕೂರಿಸಿಕೊಂಡು ಅದೇ ಇಳಿಜಾರಿಗೆ ಹೋದಳು. ಅವನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು, ದಿನವಿಡೀ ಜನರ ದೂರು ಕೇಳಿ ಕೇಳಿ ಯಾವ ದೂರಿಗೂ ಜಗ್ಗದವನು.

"ಕೇಳಿಸ್ತಾ?"

"ಏನು?"

"ಟಕ್ ಅಂತು."

"ನಿನ್ನ ಬಳೆ ಇರಬೇಕು."

"ನಾನು ಬಳೆ ಹಾಕ್ಕೊಂಡಿಲ್ಲ ರೀ."

"ಮತ್ತೆ ಪ್ಯಾಡ್ ಹೊಸದಾಗಿ ಹಾಕಿದಾರಲ್ಲ. ಹೊಸ ಚಪ್ಪಲಿನೂ ಮೊದಮೊದಲು ಸದ್ದು ಮಾಡುತ್ತೆ. ಅದರ ಮೇಲೆ ಕಿವಿ ಇಟ್ಕೊಂಡು ಕೂತ್ರೆ ಇಲ್ಲದ್ದೂ ಕೇಳಿಸುತ್ತೆ. ರೇಡಿಯೋ ಹಾಕು."

ಅವಳು ರೇಡಿಯೋ ಹಾಕಿದಳು. ಇರಬಹುದು, ತನ್ನದೇ ಭ್ರಮೆ ಇರಬಹುದು. ಆದರೆ ಮನಸ್ಸಿಗೆ ಹುಳ ಹೊಕ್ಕಿತ್ತು. ಕ್ರೀಮ್ ಕಡೆಯುವ ಮಿಕ್ಸರಿನಲ್ಲಿ ಟಕ್ ಕೇಳಿಸಿತು. ಓವನ್ ಬಾಗಿಲಿನಲ್ಲಿ ಕೇಳಿಸಿತು. ರಸ್ತೆಯಲ್ಲಿ ಎಲ್ಲರಿಗಿಂತ ಮೊದಲೇ ಬ್ರೇಕ್ ಒತ್ತತೊಡಗಿದಳು, ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದರು. ಇಳಿಜಾರು ತಪ್ಪಿಸಲು ಮಾರುಕಟ್ಟೆಯ ಕಡೆಯಿಂದ ಬಳಸಿಕೊಂಡು ಹೋಗಿ ಎರಡು ಕಡೆ ತಡವಾಯಿತು. ಒಂದು ಮದುವೆಯ ಮನೆಯವರು ಕೇಕ್ ಇಳಿಸಿಕೊಂಡು ಮುಖ ತಿರುಗಿಸಿದರು.

ಒಂದು ದಿನ ಬಳಸು ದಾರಿಯನ್ನು ಅಗೆದುಹಾಕಿದ್ದರು. ವಿಧಿಯಿಲ್ಲದೆ ಟ್ಯಾಂಕಿನ ರಸ್ತೆಗೇ ತಿರುಗಿದಳು. ಇಳಿಜಾರಿನ ನಡುವೆ ಬ್ರೇಕ್ ಒತ್ತಿದಾಗ ಹಿಂದಿನಿಂದ ಅತ್ತೆ ಕೇಳಿದರು.

"ಏನಮ್ಮ ಅದು, ಕೆಳಗಿಂದ ಒದ್ದ ಹಾಗಾಯ್ತಲ್ಲ?"

ಅವಳು ಕಾರನ್ನು ಬದಿಗೆ ನಿಲ್ಲಿಸಿ ತಿರುಗಿ ನೋಡಿದಳು. ಅತ್ತೆಯ ಕಿವಿಯಲ್ಲಿ ಯಂತ್ರವಿರಲಿಲ್ಲ.

"ನಿಮಗೆ ಕೇಳಿಸ್ತಾ ಅತ್ತೆ?" ಎಂದು ಜೋರಾಗಿ ಕೇಳಿದಳು.

"ಕೇಳಿಸೋದೇನು ಬಂತು? ಅಂಗಾಲಿಗೆ ಬಡೀತು. ಹೋದ ವಾರಾನೂ ಬಡೀತು. ನಿನಗೆ ಗೊತ್ತಿರುತ್ತೆ, ಯಾಕೆ ಹೇಳಬೇಕು ಅಂತ ಸುಮ್ನಿದ್ದೆ."

ಕೇಕಿನವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ತನಗೆ ಹುಚ್ಚು ಹಿಡಿದಿಲ್ಲ ಎಂಬ ಸಮಾಧಾನ ಒಂದು ಕ್ಷಣ. ಅದರ ಬೆನ್ನಿಗೇ, ಹಾಗಾದರೆ ಇದು ನಿಜ ಎಂಬ ಭಯ.

ಮರುದಿನ ಬೆಳಿಗ್ಗೆ ಹಿಂದಿನ ಡಿಕ್ಕಿಗೆ ಮೈದಾಹಿಟ್ಟಿನ ಮೂಟೆಗಳನ್ನು ಹೇರಿಕೊಂಡು ಅತ್ತೆ ಸೊಸೆ ಇಬ್ಬರೂ ಶೋರೂಮಿಗೆ ಹೋದರು. ಇಳಿಜಾರನ್ನು ಬಿಟ್ಟು, ಅಗೆದ ರಸ್ತೆಯ ಪಕ್ಕದ ಸಂದಿಯಲ್ಲಿ ತೆವಳಿಕೊಂಡು ಹೋದದ್ದು. ನೋಡೋಣಪ್ಪ ಎಂದಿನಂತೆ ಕೀಗೆ ಕೈಚಾಚಿದ.

"ನೋಡೋಣ ಮೇಡಂ, ಒಂದು ಸುತ್ತು ಹೋಗಿ ಬರ್ತೀನಿ."

"ನೀವು ನಿಮ್ಮ ಸುತ್ತು ಹೋದ್ರೆ ಆ ಸದ್ದು ಬರಲ್ಲ. ಭಾರ ಹಾಕ್ಕೊಂಡು ನಮ್ಮ ಇಳಿಜಾರಿಗೆ ಬನ್ನಿ. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ಮೇಡಂ, ಇವತ್ತು ಬೆಳಿಗ್ಗೆಯೇ ತುಂಬಾ ಗಾಡಿ ಇದಾವೆ."

ಅತ್ತೆ ಗಿರಾಕಿಗಳ ಸೋಫಾದಲ್ಲಿ ಕಾಲು ಮೇಲೆ ಮಡಚಿ ಕೂತರು. "ಅಷ್ಟರವರೆಗೆ ನಾನಿಲ್ಲೇ ಇರ್ತೀನಪ್ಪ. ನನಗೆ ಮನೇಲೂ ಕೆಲಸ ಇಲ್ಲ," ಎಂದರು. ಕಾಯುತ್ತಿದ್ದವರು ಪತ್ರಿಕೆ ಕೆಳಗಿಳಿಸಿ ನೋಡತೊಡಗಿದರು. ನೋಡೋಣಪ್ಪ ಟೈ ಸಡಿಲಿಸಿಕೊಂಡು ಹೊರಗೆ ನಡೆದ.

ಅತ್ತೆಯೂ ಎದ್ದು ಬಂದು ಹಿಂದಿನ ಸೀಟಿನಲ್ಲಿ ಕೂತರು. ಟ್ಯಾಂಕಿನ ಇಳಿಜಾರಿನ ಮೇಲಿನ ತಿರುವಿನಲ್ಲಿ ಅವಳು ಬ್ರೇಕ್ ಮೆಲ್ಲಗೆ ಒತ್ತಿದಳು. ಟಕ್. ನೋಡೋಣಪ್ಪನ ತಲೆ ಥಟ್ಟನೆ ಎಡಕ್ಕೆ ತಿರುಗಿತು.

"ಇನ್ನೊಂದ್ಸಲ ಒತ್ತಿ ಮೇಡಂ." ಮರುಕ್ಷಣವೇ ಅವನ ದನಿ ಬದಲಾಯಿತು. "ಬೇಡ, ಬೇಡ. ಪಕ್ಕಕ್ಕೆ ಹಾಕಿ, ನಿಲ್ಸಿ."

ನಿಲ್ಲಿಸಲೆಂದು ಅವಳು ಒತ್ತಿದಳು. ಕಬ್ಬಿಣಕ್ಕೆ ಕಬ್ಬಿಣ ಅಪ್ಪಳಿಸಿ ಉಜ್ಜಿದ ಸದ್ದು ಬಂತು. ಪೆಡಲ್ ಮೆತ್ತನೆಯ ಕೆಸರಿಗೆ ಕಾಲಿಟ್ಟಂತೆ ಒಳಗಿಳಿದುಬಿಟ್ಟಿತು. ಕಾರು ನಿಲ್ಲಲಿಲ್ಲ. ಕೆಳಗೆ ಕೂಡುರಸ್ತೆ, ಅಲ್ಲಿ ಅಡ್ಡಹಾಯುವ ಬಸ್ಸು, ಸೈಕಲ್ಲು, ಜನ. ಅವಳು ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂಭಾಗ ಒಂದಿಷ್ಟು ಜಾರಿತು. ಎಡಕ್ಕೆ ಕಟ್ಟುತ್ತಿದ್ದ ಮನೆಯೊಂದರ ಮುಂದೆ ಮರಳು ಸುರಿದಿದ್ದರು. ಯೋಚಿಸಿದಳೋ ಇಲ್ಲವೋ ಅವಳಿಗೇ ತಿಳಿಯದು, ಸ್ಟಿಯರಿಂಗ್ ಅತ್ತ ತಿರುಗಿತು. ಮೂತಿ ಮರಳಿಗೆ ಹೂತು ಕಾರು ನಿಂತಿತು.

ಹಿಟ್ಟಿನ ಮೂಟೆಯೊಂದು ಒಡೆದು ಒಳಗೆಲ್ಲ ಬೆಳ್ಳಗಾಗಿತ್ತು. ತೆರೆದ ಕಿಟಕಿಯಿಂದ ಮರಳು ಅತ್ತೆಯ ಮಡಿಲು ತುಂಬಿತ್ತು.

"ಅತ್ತೆ?"

"ಇದೀನಿ," ಎಂದರು ಅತ್ತೆ. "ಯಾರಿಗೇನಾಯ್ತು ನೋಡು."

ನೋಡೋಣಪ್ಪನ ಹಣೆ ಊದಿಕೊಂಡಿತ್ತು. ಅವನು ಇಳಿದು ಮುಂದಿನ ಎಡ ಚಕ್ರದ ಬಳಿ ಮಂಡಿಯೂರಿದ. ಪ್ಯಾಡುಗಳನ್ನು ಹಿಡಿದಿರುವ ಕಬ್ಬಿಣದ ಹಿಡಿಯನ್ನು ಎರಡು ಬೋಲ್ಟುಗಳು ಕಚ್ಚಿಕೊಂಡಿರಬೇಕು. ಒಂದು ಇರಲೇ ಇಲ್ಲ. ಹಿಡಿ ಒಂದು ಕಡೆಗೆ ಜೋತುಬಿದ್ದು, ಬ್ರೇಕ್ ಎಣ್ಣೆಯ ಕೊಳವೆಯನ್ನು ಕಿತ್ತುಹಾಕಿತ್ತು. ಅವನು ಎದ್ದು ನಿಂತ. ಹಿಟ್ಟು ಮೆತ್ತಿದ ಅವನ ಮುಖದಲ್ಲಿ ಬೇರೆ ಬಣ್ಣವೇ ಇರಲಿಲ್ಲ.

"ಪ್ಯಾಡ್ ಬದಲಿಸಿದಾಗ ನಮ್ಮವರು ಇದನ್ನ ಬಿಗಿ ಮಾಡಿಲ್ಲ ಮೇಡಂ," ಎಂದ.

ಕಾರನ್ನು ಎಳೆದು ತರಿಸಿದ ಮೇಲೆ ವರ್ಕ್‌ಶಾಪಿನ ಮ್ಯಾನೇಜರ್ ಬಂದ. ಚಕ್ರದ ಸುತ್ತ ನಡೆದಾಡಿ, ಹಾವೂ ಸಾಯದ ಕೋಲೂ ಮುರಿಯದ ಮಾತು ತೆಗೆದ.

"ಈಗಿನ ರಸ್ತೆಗಳು ನಿಮಗೆ ಗೊತ್ತಲ್ಲ. ಹಳ್ಳಕ್ಕೆ ಬಿದ್ದು ಬಿದ್ದು ಸಡಿಲ ಆಗಿರಬಹುದು."

"ಆಗಿಲ್ಲ ಸರ್," ಎಂದ ನೋಡೋಣಪ್ಪ.

"ನೀವು ಸ್ವಲ್ಪ ಸುಮ್ನಿರಿ."

"ನಾನು ಆ ಕಾರಲ್ಲಿ ಕೂತಿದ್ದೆ ಸರ್. ಉಳಿದಿರೋ ಬೋಲ್ಟೂ ಕೈಯಲ್ಲೇ ತಿರುಗ್ತಾ ಇದೆ. ಬಿಗಿ ಮಾಡೋ ಯಂತ್ರಾನೇ ಕೆಟ್ಟಿರಬೇಕು. ಅವತ್ತು ಅದೇ ಯಂತ್ರದಲ್ಲಿ ಬೇರೆ ಗಾಡಿಗಳಿಗೂ ಪ್ಯಾಡ್ ಹಾಕಿದಾರೆ."

ಕೇಕಿನವಳು ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಬೇರೆ ಗಾಡಿಗಳು ಎಂದದ್ದೇ ತಡ, ಆ ಮಾತುಗಳೆಲ್ಲ ಎಲ್ಲೋ ಉದುರಿಹೋದವು.

"ಫೋನ್ ಮಾಡಿ ಅವರಿಗೆ," ಎಂದಳು. "ಈಗಲೇ ಮಾಡಿ."

ನೋಡೋಣಪ್ಪ ಕೌಂಟರಿನಲ್ಲಿ ನಿಂತೇ ಮಾಡಿದ. ಒಬ್ಬರು ಕಚೇರಿಯಲ್ಲಿದ್ದರು, ಕಾರು ಮುಟ್ಟುವುದಿಲ್ಲ ಎಂದರು. ಇನ್ನೊಬ್ಬರು ರೇಗಿದರು, ಆಮೇಲೆ ಒಪ್ಪಿದರು. ಕೊನೆಯವನೊಬ್ಬ ಮಾತ್ರ ಫೋನ್ ಎತ್ತಲಿಲ್ಲ. ಈಜು ಕಲಿಸುವ ಕೋಚ್.

"ನೀರಲ್ಲಿರಬೇಕು," ಎಂದ ನೋಡೋಣಪ್ಪ. "ಊರಿಗೆ ಹೋಗೋದಿದೆ, ಘಟ್ಟದ ರಸ್ತೆ, ಬ್ರೇಕ್ ಚೆನ್ನಾಗಿ ನೋಡಿ ಅಂತ ಹೇಳಿಯೇ ಬಿಟ್ಟುಹೋಗಿದ್ರು."

ಅವನು ಶೋರೂಮಿನ ಕಾರು ತೆಗೆದ. ಅವಳು ಬಾಗಿಲು ತೆರೆದು ಪಕ್ಕದಲ್ಲಿ ಕೂತಳು.

"ನೀವು ಯಾಕೆ ಮೇಡಂ?"

"ನಿಮ್ಮ ಮಾತು ಅವರು ನಂಬದಿದ್ರೆ? ನನ್ನ ಮಾತನ್ನ ನೀವು ನಂಬಿದ್ರಾ?"

ಅತ್ತೆ ಆಗಲೇ ಹಿಂದೆ ಹತ್ತಿ ಕೂತಿದ್ದರು.

ಈಜುಕೊಳದಲ್ಲಿ ಕೋಚ್ ಇರಲಿಲ್ಲ. ಬಾಗಿಲು ಕಾಯುವವನು ಟವೆಲ್ ಮಡಚುತ್ತ, "ಈಗ ತಾನೇ ಹೊರಟ್ರಲ್ಲ. ಹೆಂಡತಿ ಮಕ್ಕಳನ್ನ ಕರ್ಕೊಂಡು ಊರಿಗೆ ಹೋಗ್ತಾರಂತೆ," ಎಂದ. ಅಲ್ಲಿಂದ ಅವನ ಮನೆಗೆ. ನೋಡೋಣಪ್ಪ ಓಡಿಸುತ್ತಿದ್ದರೂ ಪ್ರತಿ ತಿರುವಿನಲ್ಲಿ ಅವಳ ಬಲಗಾಲು ಕಾರಿನ ನೆಲವನ್ನು ಒತ್ತುತ್ತಿತ್ತು. ಎದುರಿನಿಂದ ಬಂದ ಪ್ರತಿ ಕಾರಿನೊಳಗೂ ಅವಳು ಇಣುಕಿದಳು, ಮಕ್ಕಳಿದ್ದಾರೆಯೇ ಎಂದು.

ಕೋಚನ ಗೇಟು ತೆರೆದಿತ್ತು. ಕಾರು ಹೊರಮುಖವಾಗಿ ನಿಂತು ಇಂಜಿನ್ ಗುರುಗುಟ್ಟುತ್ತಿತ್ತು. ಡಿಕ್ಕಿಯ ತುಂಬ ಸಾಮಾನು, ಹಿಂದೆ ಇಬ್ಬರು ಹೆಣ್ಣುಮಕ್ಕಳು, ಮುಂದೆ ಹೆಂಡತಿ. ನೋಡೋಣಪ್ಪ ತನ್ನ ಕಾರನ್ನು ಗೇಟಿಗೆ ಅಡ್ಡವಾಗಿಯೇ ನಿಲ್ಲಿಸಿದ.

"ಏನ್ರೀ ಇದು? ಗಾಡಿ ತೆಗೀರಿ," ಎನ್ನುತ್ತ ಕೋಚ್ ಇಳಿದು ಬಂದ. ಅಗಲ ಭುಜದ ದೊಡ್ಡಾಳು, ತಲೆ ಇನ್ನೂ ಒದ್ದೆಯಾಗಿತ್ತು.

ನೋಡೋಣಪ್ಪ ಹೇಳಿದ. ಹೇಳುತ್ತ ಹೇಳುತ್ತ ತೊದಲಿದ.

"ನನ್ನ ಬ್ರೇಕ್ ಬೆಣ್ಣೆ ಹಾಗಿದೆ. ಒಂದು ಸದ್ದೂ ಇಲ್ಲ. ಘಟ್ಟ ಹತ್ತೋದ್ರೊಳಗೆ ಕತ್ತಲಾಗಬಾರದು ನಮಗೆ. ಬಂದ ಮೇಲೆ ತೋರಿಸ್ತೀನಿ, ದಾರಿ ಬಿಡಿ."

"ನಂದೂ ಹೀಗೇ ಇತ್ತು ಸರ್," ಎಂದಳು ಕೇಕಿನವಳು. "ಭಾರ ಇಲ್ಲದಾಗ ಒಂದು ಸದ್ದೂ ಇರ್ತಿರಲಿಲ್ಲ."

ಅವನು ಅವಳನ್ನು, ಹಿಟ್ಟು ಮೆತ್ತಿದ ಅವಳ ಕೂದಲನ್ನು ನೋಡಿ, ಇವರು ಯಾರಪ್ಪ ಎಂಬಂತೆ ಹುಬ್ಬೇರಿಸಿದ. ಅಷ್ಟರಲ್ಲಿ ಅತ್ತೆ ನೇರವಾಗಿ ಆ ಕಡೆಯ ಕಿಟಕಿಗೆ ಹೋಗಿ ಕೋಚನ ಹೆಂಡತಿಯೊಡನೆ ಮಾತಾಡತೊಡಗಿದ್ದರು. ಕಿವಿಯ ಯಂತ್ರ ಪರ್ಸಿನಲ್ಲೇ ಉಳಿದಿತ್ತು, ಹಾಗಾಗಿ ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

"ನೋಡಮ್ಮ, ಇವತ್ತು ಬೆಳಿಗ್ಗೆ ನಾನು ಮರಳಿನ ಗುಡ್ಡೆಗೆ ಹೋಗಿ ಬಿದ್ದೆ." ಸೆರಗು ಕೊಡವಿದರು, ಮರಳು ಉದುರಿತು. "ಘಟ್ಟದಲ್ಲಿ ಮರಳಿರಲ್ಲ. ಚಕ್ರ ಒಂದ್ಸಲ ಬಿಚ್ಚಿ ನೋಡಲಿ. ಸರಿ ಇದ್ರೆ ನನ್ನನ್ನ ಬೈಕೊಂಡು ಹೋಗು."

ಹೆಂಡತಿ ಮರಳನ್ನು ನೋಡಿದಳು. ಕೈಚಾಚಿ ಇಂಜಿನ್ ಆರಿಸಿ, ಕೀ ತೆಗೆದು ತನ್ನ ಮಡಿಲಿಗೆ ಹಾಕಿಕೊಂಡಳು. "ಬಿಚ್ಚಲಿ," ಎಂದಳು ಗಂಡನಿಗೆ.

ನೋಡೋಣಪ್ಪ ಟೈ ಕಳಚಿ ಜೇಬಿಗೆ ತುರುಕಿ ಜಾಕ್ ಹಾಕಿದ. ಬಲಗಡೆಯ ಚಕ್ರ ಬಿಚ್ಚಿದ. ಸ್ಪ್ಯಾನರ್ ಇಟ್ಟು ನೋಡಿದ, ಬೋಲ್ಟು ಕದಲಲಿಲ್ಲ. ಕೋಚ್ ತೋಳುಕಟ್ಟಿ ನಿಂತಿದ್ದ. ಕೇಕಿನವಳಿಗೆ ನಾಚಿಕೆಯಾದರೂ ಆಗಲಿ, ಎಲ್ಲ ಬಿಗಿಯಾಗಿಯೇ ಇರಲಿ ಎನಿಸಿತು. ಆಮೇಲೆ ಎಡಗಡೆಯದು. ನೋಡೋಣಪ್ಪ ಅಲ್ಲಿ ಸ್ಪ್ಯಾನರ್ ಹಚ್ಚಲು ಹೋಗಿ ನಿಲ್ಲಿಸಿದ. ಅದನ್ನು ನೆಲಕ್ಕಿಟ್ಟು, ಬೋಲ್ಟನ್ನು ಬರಿ ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. ಶೀಸೆಯ ಮುಚ್ಚಳದಂತೆ ಅದು ಬಿಚ್ಚಿಕೊಂಡು ಅವನ ಅಂಗೈಗೆ ಬಂತು.

ಕೋಚ್ ಬಂದು ಬಗ್ಗಿ ನೋಡಿದ. ಹಿಂದೆ ಸರಿದು ಗೇಟಿನ ಕಟ್ಟೆಯ ಮೇಲೆ ಕೂತ, ದೊಡ್ಡ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು.

"ವಾರಪೂರ್ತಿ ಇದರಲ್ಲೇ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬಂದೆ," ಎಂದ.

ಹೆಂಡತಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಿ ಒಳಗೆ ಕಳಿಸಿದಳು. ಬಂದು ಕೇಕಿನವಳ ಫೋನ್ ನಂಬರ್ ಕೇಳಿ ಬರೆದುಕೊಂಡಳು. ಯಾಕೆಂದು ಹೇಳಲಿಲ್ಲ.

ಆ ಸಂಜೆ ಗಂಡ ಎಲ್ಲವನ್ನೂ ಕೇಳಿಸಿಕೊಂಡ. ತಪ್ಪಾಯಿತು ಎನ್ನುವ ಮಾತು ಅವನಿಗೆ ಬಾರದು. ಮರುದಿನ ರಜೆ ಹಾಕಿ ವರ್ಕ್‌ಶಾಪಿಗೆ ಹೋಗಿ, ಕಾರಿನ ಕೆಲಸ ಮುಗಿಯುವವರೆಗೆ ಚಕ್ರದ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಮ್ಯಾನೇಜರ್ ಕ್ಷಮೆ ಕೇಳಿದನಂತೆ. ಕೆಟ್ಟ ಯಂತ್ರವನ್ನು ಮೂಲೆಗೆ ಹಾಕಿದರಂತೆ. ನೋಡೋಣಪ್ಪನ ಕೆಲಸಕ್ಕೆ ಕುತ್ತು ಬರಲಿಲ್ಲ, ಆದರೆ ಮ್ಯಾನೇಜರ್ ಈಗ ಅವನೊಡನೆ ಮಾತು ಬಿಟ್ಟಿದ್ದಾನೆ ಎಂದು ಗಂಡ ಬಂದು ಹೇಳಿದ.

ಅವಳು ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಕೇಕಿನ ಮೇಲೆ ಐಸಿಂಗ್ ಬಿಡುತ್ತಿದ್ದಳು. ಗೆರೆ ಡೊಂಕಾಗುತ್ತಿತ್ತು. ಫೋನ್ ಬಂತು. ಗುರುತಿಲ್ಲದ ನಂಬರ್.

"ನಾನು ರೀ, ನಿನ್ನೆ ಕಾರಲ್ಲಿ ಕೂತಿದ್ದೆನಲ್ಲ," ಎಂದಳು ಕೋಚನ ಹೆಂಡತಿ. ಹಿಂದಿನಿಂದ ಮಕ್ಕಳ ಗಲಾಟೆ, ಪಾತ್ರೆಗಳ ಸದ್ದು ಕೇಳುತ್ತಿತ್ತು. "ನಾವು ಬಸ್ಸಲ್ಲಿ ಬಂದ್ವಿ. ಈಗ ತಾನೇ ತಲುಪಿದ್ವಿ. ನಿಮಗೆ ಹೇಳೋಣ ಅನ್ನಿಸ್ತು."

"ತಲುಪಿದ್ರಾ?" ಎಂದಳು ಕೇಕಿನವಳು. "ಎಲ್ಲರೂ?"

"ಎಲ್ಲರೂ."

ಫೋನಿಟ್ಟ ಮೇಲೆ ಅವಳು ಐಸಿಂಗ್ ಚೀಲವನ್ನು ಬದಿಗಿಟ್ಟು ಸ್ಟೂಲಿನ ಮೇಲೆ ಕೂತಳು. ಮರಳಿನಲ್ಲಿ ಕಾರು ಹೂತಾಗಿನಿಂದ ಒಂದು ಹನಿಯೂ ಬಂದಿರದ ಕಣ್ಣೀರು ಈಗ ತಾನಾಗಿ ಇಳಿಯಿತು. ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡರು, ಒಳಗೆ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತರು.