ಸುಳಿ ನೋಡಿ ತಂದ ಕುದುರೆ

ಗಂಡನ ಮನೆ ಬಿಟ್ಟು ಬಂದ ಹಂಸಳ ಮನಸ್ಸು ಹಗುರಾಗಲೆಂದು ಅಪ್ಪ ಮುನಿಆಂಜನಪ್ಪ ಅವಳಿಗೊಂದು ಕುದುರೆ ತಂದಿದ್ದರು. ದೊಡ್ಡನೆಕ್ಕುಂದಿಯಲ್ಲಿ ಹೊಲವಿದ್ದಾಗ ಎತ್ತು ಕೊಳ್ಳುತ್ತಿದ್ದ ಹಾಗೆಯೇ, ಹಣೆಯ ಸುಳಿ ನೋಡಿದ್ದೇ ನೋಡಿದ್ದು. ಗುಣ ಯಾರಿಗೆ ಬೇಕು! ಅದು ರೇಸಿನಿಂದ ಬಿಡಿಸಿದ ಕುದುರೆ. ಯಾರ ಮನೆಯ ಗೇಟು ಸದ್ದಾದರೂ ರೇಸು ಶುರುವಾಯಿತೆಂದು ಓಟ ಕೀಳುತ್ತಿತ್ತು.

ಇವತ್ತೂ ಅದರ ಮೇಲಿಂದ ಬಿದ್ದು, ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಹಂಸಳಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ.

"ಮಾರ್ಬಿಡಪ್ಪ," ಎಂದಳು.

"ಸುಳಿ ಎಷ್ಟು ಲಕ್ಷಣವಾಗೈತೆ ನೋಡಮ್ಮ. ಸ್ವಲ್ಪ ದಿನ ತಡ್ಕೊ, ಹೊಂದ್ಕೊಳ್ತದೆ."

ಹಂಸ ಕುದುರೆಯ ಹಣೆ ಸವರಿದಳು. ಕೈಗೆ ಏನೂ ತಿಳಿಯಲಿಲ್ಲ.

"ಸುಳಿ ಚೆನ್ನಾಗೇ ಐತಪ್ಪ. ಅವತ್ತು ಜಾತಕಾನೂ ಚೆನ್ನಾಗೇ ಇತ್ತು."

ಮುನಿಆಂಜನಪ್ಪ ಶಿವಾಜಿನಗರದ ಕುದುರೆ ದಲ್ಲಾಳಿಗೆ ಫೋನು ಮಾಡಿದರು.