ಗುಬ್ಬಿಯ ಮಾತು

ಗಣಿತ ಕಲಿಸಲು ಸಮುದ್ರ ದಾಟಿ ಬಂದ ಮಿಸ್ಸಿಗೆ ಬಾಯಿ ಬಾಡಿಗೆಗೆ ಕೊಡುವ ಕೆಲಸವೂ ಗಂಟುಬಿದ್ದಿತ್ತು. ಆ ಶಾಲೆಯಲ್ಲಿ ಕನ್ನಡ ಬಲ್ಲ ಟೀಚರು ಅವಳೊಬ್ಬಳೇ. ಕನ್ನಡದ ಮನೆಯವರು ಯಾರು ಬಂದರೂ ದೊಡ್ಡ ಮೇಡಂ ಅವಳನ್ನು ಕರೆಸುವರು. ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೇಳಬೇಕು. ಮೊದಮೊದಲು ಅವಳಿಗೆ ಅದೊಂದು ಹೆಮ್ಮೆಯೇ ಆಗಿತ್ತು. ಇಪ್ಪತ್ತಾರರ ವಯಸ್ಸು, ಆಗದೆ ಏನು?

ಎರಡನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ. ಬಂದು ಮೂರು ತಿಂಗಳಾಗಿದ್ದರೂ ಆ ನೆಲದ ಭಾಷೆಯಲ್ಲಿ ಗುಬ್ಬಿಗೆ ‘ನೀರು’, ‘ಆಯಿತು’ ಬಿಟ್ಟರೆ ಬೇರೇನೂ ಬಾರದು. ಕನ್ನಡದಲ್ಲಿ ಮಾತ್ರ ಮಿಸ್ಸಿನ ಹಿಂದೆ ಮುಂದೆ ಚಿಲಿಪಿಲಿ.

ಒಂದು ಶುಕ್ರವಾರ ಕೈ ತೊಳೆಯುವಾಗ ಗುಬ್ಬಿಯ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈ ಹತ್ತಿರ ಮೂರು ದುಂಡನೆಯ ಸುಟ್ಟ ಗಾಯ.

“ಏನಿದು ಪುಟ್ಟ?”

“ಅಪ್ಪ. ಸಿಗರೇಟಲ್ಲಿ.” ಮಗ್ಗಿ ಒಪ್ಪಿಸುವಂತೆ ಹೇಳಿದಳು. “ನೀವು ದೊಡ್ಡ ಮೇಡಂಗೆ ಹೇಳಿ ಮಿಸ್. ಅವರು ಬೈದ್ರೆ ಅಪ್ಪ ಕೇಳ್ತಾನೆ. ನಂಗೆ ಅವರ ಭಾಷೆ ಬರಲ್ಲ.”

ಮಿಸ್ ಆಗಲೇ ಎಲ್ಲವನ್ನೂ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಸುಟ್ಟ ಗಾಯವಿದೆ, ಹೇಗಾಯಿತೋ ಮನೆಯವರನ್ನೇ ಕೇಳೋಣ ಎಂದಷ್ಟೇ ದೊಡ್ಡ ಮೇಡಂಗೆ ಹೇಳಿದಳು. ನಮ್ಮವರು, ಒಂದು ಮಾತು ಕೇಳದೆ ದೂರು ಕೊಡುವುದು ಹೇಗೆ? ದಾಕ್ಷಿಣ್ಯ! ನಮ್ಮ ಜನಕ್ಕೆ ಹಿಡಿದ ರೋಗ ಇದು, ಯಾವ ಸಮುದ್ರ ದಾಟಿದರೂ ಬಿಡುವುದಿಲ್ಲ.

ಸಂಜೆ ಅಪ್ಪ, ಅಮ್ಮ ಬಂದರು. ಅಪ್ಪ ಗೋದಾಮಿನ ಕೆಲಸಗಾರ, ನಗುಮುಖದವನು. ಗುಬ್ಬಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಬಾಗಿಲ ಗಾಜಿನಿಂದ ಅವಳಿಗೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

ದೊಡ್ಡ ಮೇಡಂ ಕೇಳಿದ್ದನ್ನು ಮಿಸ್ ಕನ್ನಡದಲ್ಲಿ ಹೇಳಿದಳು. ಅಪ್ಪ ನಗು ಮಾಸದಂತೆಯೇ ಉತ್ತರಿಸಿದ.

“ಸಿಟ್ಟಲ್ಲಿ ಆಗೋಯ್ತು ಮಿಸ್. ಎಲ್ಲರ ಮನೆ ದೋಸೆನೂ ತೂತೇ ಅಲ್ವಾ? ನೀವು ನಂಗೆ ತಂಗಿ ಇದ್ದಂಗೆ. ನಿಜ ಹೇಳಿದ್ರೆ ಇಲ್ಲಿನ ಸರ್ಕಾರದವರು ಮಗೂನ ಕಿತ್ಕೊಂಡು ಹೋಗಿ ಯಾರದೋ ಮನೇಲಿ ಇಡ್ತಾರೆ. ಅಲ್ಲಿ ಹೊಟ್ಟೆ ಹಸೀತು ಅಂದ್ರೂ ತಿಳಿಯೋರಿಲ್ಲ.”

“ಇನ್ಮೇಲೆ ನಾನು ನೋಡ್ಕೋತೀನಿ ಮಿಸ್,” ಎಂದಳು ಅಮ್ಮ, ತಲೆ ಎತ್ತದೆ. “ಸಂಸಾರ ಒಡೀಬೇಡಿ.”

ದೊಡ್ಡ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಗೊತ್ತಿಲ್ಲದ ಮನೆಯಲ್ಲಿ ಮಾತಿಲ್ಲದೆ ಕೂತ ಗುಬ್ಬಿ ಮಿಸ್ಸಿನ ಕಣ್ಣ ಮುಂದೆ ಬಂದಳು.

“ಒಲೆಯ ಹತ್ತಿರ ನಿಂತಿದ್ದಾಗ ಎಣ್ಣೆ ಸಿಡಿಯಿತಂತೆ,” ಎಂದಳು ಆ ಭಾಷೆಯಲ್ಲಿ.

ದೊಡ್ಡ ಮೇಡಂ ಅದನ್ನೇ ಬರೆದುಕೊಂಡರು. ಮಗುವನ್ನು ಹುಷಾರಾಗಿ ನೋಡಿಕೊಳ್ಳಿ ಎಂದು ಬೆರಳಾಡಿಸಿ ಎಚ್ಚರಿಸಿದರು. ಅಪ್ಪ ಕೈಮುಗಿದ.

ಹೊರಗೆ ಗುಬ್ಬಿ ಓಡಿ ಬಂದು ಮಿಸ್ಸಿನ ಕೈ ಹಿಡಿದಳು. “ಎಲ್ಲಾ ಹೇಳಿದ್ರಾ ಮಿಸ್?”

“ಹೂಂ ಪುಟ್ಟ. ಹೇಳ್ದೆ.”

ಎರಡು ದಿನ ರಜೆ. ಮಿಸ್ ತನ್ನ ಒಂಟಿ ಕೋಣೆಯಲ್ಲಿ ಬಟ್ಟೆ ಒಗೆದಳು, ಪುಸ್ತಕ ತಿದ್ದಿದಳು. ಒಂದು ಸಂಸಾರ ಉಳಿಸಿದೆನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನಸ್ಸು ಒಪ್ಪಿದರೆ ತಾನೇ?

ಸೋಮವಾರ ಗುಬ್ಬಿ ಬರಲಿಲ್ಲ. ಹತ್ತು ಗಂಟೆಗೆ ಆಸ್ಪತ್ರೆಯಿಂದ ಫೋನು ಬಂತು. ಮಗುವಿನ ಮಾತು ಯಾರಿಗೂ ತಿಳಿಯುತ್ತಿಲ್ಲ, ಕನ್ನಡ ಬಲ್ಲವರನ್ನು ಕಳಿಸಿ ಎಂದರು.

ವಾರ್ಡಿನ ಹೊರಗೆ ಅಮ್ಮ ನೆಲದ ಮೇಲೆ ಕೂತಿದ್ದಳು. ಗಂಡನನ್ನು ಪೊಲೀಸರು ಕರೆದೊಯ್ದಿದ್ದರು.

“ನಿನ್ನೆ ಅವರು ಕೈ ಎತ್ತಿದ್ರು ಮಿಸ್. ಯಾವಾಗ್ಲೂ ಮೂಲೆ ಸೇರೋಳು ನಿನ್ನೆ ಎದುರಿಗೇ ನಿಂತ್ಕೊಂಡ್ಳು. ಮಿಸ್ ಎಲ್ಲಾ ಹೇಳಿದಾರೆ, ಇನ್ನು ನೀನು ನನ್ನ ಮುಟ್ಟಂಗಿಲ್ಲ ಅಂದ್ಳು. ಅದಕ್ಕೇ ಅವರಿಗೆ ಇನ್ನೂ ರೇಗ್ತು.”

ಮಿಸ್ ಒಳಗೆ ಹೋದಳು. ಗುಬ್ಬಿಯ ತಲೆಗೆ ಪಟ್ಟಿ, ಕೈಗೆ ಪ್ಲಾಸ್ಟರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಪಕ್ಕದಲ್ಲಿ ಕಾಗದ ಹಿಡಿದು ಕೂತಿದ್ದ ಪೊಲೀಸ್ ಅಧಿಕಾರಿ, ಏನಾಯಿತು ಎಂದು ಮಗುವನ್ನು ಕೇಳಿ ಎಂದ. ಮಿಸ್ ಕೇಳಿದಳು.

ಗುಬ್ಬಿ ತೆರೆದ ಒಂದೇ ಕಣ್ಣಿನಿಂದ ಅವಳನ್ನು ನೋಡಿದಳು. ಆ ಕಣ್ಣಿನಲ್ಲಿ ಕೋಪವಿರಲಿಲ್ಲ.

“ಮಿಸ್, ಅವತ್ತು ನೀವು ಹೇಳಿದ್ದು ದೊಡ್ಡ ಮೇಡಂಗೆ ಅರ್ಥ ಆಗ್ಲಿಲ್ವಾ?”

“ಏನೆಂದಳು?” ಅಧಿಕಾರಿ ಕೇಳಿದ.

ಮಿಸ್ ಮಗುವಿನ ಮಾತನ್ನು ಒಂದಕ್ಷರ ಬಿಡದೆ ಅವನ ಭಾಷೆಯಲ್ಲಿ ಹೇಳಿದಳು. ಅವತ್ತು ತಾನು ಹೇಳಿದ್ದು ಸುಳ್ಳು ಎಂಬುದನ್ನೂ ಹೇಳಿದಳು. ಅವನು ಬರೆದುಕೊಂಡ. ಅದನ್ನೇ ಕನ್ನಡದಲ್ಲಿ ಹೇಳಲು ಅವಳ ನಾಲಿಗೆ ಹೊರಳಲಿಲ್ಲ. ಗುಬ್ಬಿ ಉತ್ತರಕ್ಕೆ ಕಾಯುತ್ತಿದ್ದಳು.