ನನ್ನ ಗಿಡ್ಡ ಎಡಗೈ

ನಾನು ಒಂದು ತಕ್ಕಡಿ. ಕಿರಾಣಿ ಅಂಗಡಿಯಲ್ಲಿ ನೇತಾಡುವ ಪುಟ್ಟ ತಕ್ಕಡಿಯಲ್ಲ, ಬೆಲ್ಲದ ಮಂಡಿಯದು. ನನ್ನ ದಂಡ ಎತ್ತಿನ ನೊಗದಷ್ಟು ಉದ್ದ. ಎರಡೂ ಕಡೆ ಸರಪಳಿ, ಸರಪಳಿಗೆ ಹೊನ್ನೆ ಮರದ ಹಲಗೆ, ನಡುವೆ ಒಂದು ಮುಳ್ಳು. ದೂರದಿಂದ ನೋಡಿದರೆ ನ್ಯಾಯ ಹೇಳುವ ಹಿರಿಯನಂತೆಯೇ ಕಾಣುತ್ತೇನೆ. ಹತ್ತಿರ ಬಂದು ಅಳೆದವರು ಯಾರೂ ಇಲ್ಲ. ಅಳೆದಿದ್ದರೆ ನನ್ನ ಎಡಗೈ ಬಲಗೈಗಿಂತ ಎರಡು ಬೆರಳಿನಷ್ಟು ಗಿಡ್ಡ ಎಂಬುದು ಗೊತ್ತಾಗುತ್ತಿತ್ತು.

ಇದು ಆಮೇಲೆ ಬಂದ ಊನವಲ್ಲ, ಹುಟ್ಟಿನಿಂದಲೇ ಬಂದದ್ದು. ಮಂಡ್ಯದ ಕಡೆಯ ಒಂದು ಪೇಟೆಯಲ್ಲಿ ಈರಾಚಾರಿ ತನ್ನ ಕುಲುಮೆಯಲ್ಲಿ ನನ್ನನ್ನು ಬಡಿದು ಮಾಡಿದ. ಮಾಡಿಸಿದವರು ಶಾಂತವೀರಪ್ಪನವರು. ಆಗಿನ್ನೂ ಹೊಸದಾಗಿ ಬೆಲ್ಲದ ಮಂಡಿ ತೆರೆದಿದ್ದರು.

"ಎಡಗಡೆ ಒಂಚೂರು ಗಿಡ್ಡ ಇರ್ಲಿ ಆಚಾರ್ರೆ" ಎಂದರು.

"ಯಾಕ್ ಬುದ್ಧಿ? ತೂಕ ಸುಳ್ಳಾಯ್ತದಲ್ಲ?"

"ಆ ಕಡೆ ಹಲಗೆ ದಪ್ಪಗ್ ಹಾಕಿ. ಖಾಲಿ ಇದ್ದಾಗ ಮುಳ್ಳು ನೆಟ್ಟಗ್ ನಿಂತ್ರೆ ಸಾಕು, ಯಾರ್ ಕೇಳ್ತಾರೆ?"

ಈರಾಚಾರಿ ಸುತ್ತಿಗೆ ಎತ್ತಿಕೊಂಡ. ಅವನಿಗೂ ಹೊಟ್ಟೆಯಿತ್ತು.

ನನ್ನ ವಿದ್ಯೆ ಇಷ್ಟೇ. ರೈತ ತಂದ ಬೆಲ್ಲ ಎಡಕ್ಕೆ, ತೂಕದ ಕಲ್ಲು ಬಲಕ್ಕೆ. ಗಿಡ್ಡ ಕೈಗೆ ತೂಗಿದ ಬೆಲ್ಲ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ. ಮುಳ್ಳು ನೆಟ್ಟಗಾಗಬೇಕಾದರೆ ಇನ್ನಷ್ಟು ಬೆಲ್ಲದ ಅಚ್ಚು ಹಾಕಬೇಕು. ಆಲೆಮನೆಯ ಹೊಗೆ ಕುಡಿದು ಬಂದವರು ನನ್ನ ಮುಳ್ಳನ್ನೇ ನೋಡುತ್ತಾ ಇನ್ನೊಂದು ಅಚ್ಚು, ಮತ್ತೊಂದು ಅಚ್ಚು ಎಂದು ಇಡುತ್ತಿದ್ದರು. ನನ್ನ ಮೇಲೆ ಅನುಮಾನ ಪಡುತ್ತಿರಲಿಲ್ಲ. ಈ ಸಲ ಪಾಕ ಸರಿಯಾಗಿ ಬಂದಿಲ್ಲವೇನೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದು ನನಗೆ ಕಷ್ಟವಾಗುತ್ತಿತ್ತು.

ಶಾಂತವೀರಪ್ಪನವರು ನನ್ನ ಕಣ್ಣೆದುರೇ ಬೆಳೆದರು. ಹೆಂಚಿನ ಮನೆ ಹೋಗಿ ಮಹಡಿ ಮನೆ ಬಂತು, ಸ್ಕೂಟರ್ ಹೋಗಿ ಕಾರು ಬಂತು, ಬೆರಳಿಗೆ ಉಂಗುರ ಬಂತು. ಮೊದಲು "ಶಾಂತಣ್ಣ" ಎನ್ನುತ್ತಿದ್ದವರೆಲ್ಲ "ಸಾವ್ಕಾರ್ರೆ" ಎಂದು ಎದ್ದು ನಿಲ್ಲತೊಡಗಿದರು. ಪೇಟೆಯಲ್ಲಿ ಅವರ ಬಗ್ಗೆ ಒಂದು ಮಾತು ಹುಟ್ಟಿಕೊಂಡಿತು: "ತೂಕದ ಮನುಷ್ಯ ಕಣಪ್ಪ." ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವರು ಅಂಗವಸ್ತ್ರ ಸರಿಮಾಡಿಕೊಳ್ಳುತ್ತಿದ್ದರು. ಆದರೆ ತಿಂದದ್ದು ಮಾತ್ರ ಅವರ ಮೈಗೆ ಹತ್ತಲಿಲ್ಲ. ತೂಕದ ಮನುಷ್ಯ ನರಪೇತಲರಾಗಿಯೇ ಉಳಿದರು.

ಅದೇ ಅವರಿಗೆ ಕುತ್ತಾಯಿತು. ಅಕ್ಕಿ ಗಿರಣಿಯ ಮರಿಸ್ವಾಮಿ ಅರವತ್ತು ತುಂಬಿದಾಗ ಮಠದಲ್ಲಿ ಅಕ್ಕಿಯ ತುಲಾಭಾರ ಮಾಡಿಸಿಕೊಂಡ. ಮರಿಸ್ವಾಮಿ ಎಂದರೆ ಒಳ್ಳೆ ಕಾಳು ತುಂಬಿದ ಹಗೇವಿನಂಥ ಆಸಾಮಿ. ಮೂಟೆಯ ಮೇಲೆ ಮೂಟೆ ಸುರಿದರೂ ಅವನ ತಟ್ಟೆ ಮೇಲೇಳಲಿಲ್ಲವಂತೆ. ಮೈಕಿನಲ್ಲಿ ತೂಕ ಕೂಗಿದಾಗ ಚಪ್ಪಾಳೆಯೋ ಚಪ್ಪಾಳೆಯಂತೆ. ಮರುವರ್ಷ ಶಾಂತವೀರಪ್ಪನವರಿಗೆ ಅರವತ್ತು. ಅವರ ಮಡದಿ ಗೌರಮ್ಮನವರು ಮಂಡಿಗೆ ಬುತ್ತಿ ತಂದಾಗ ನಗುತ್ತಾ ಹೇಳಿಯೇ ಬಿಟ್ಟರು: "ನಿಮಗ್ಯಾಕ್ರೀ ತುಲಾಭಾರ? ಒಂದು ಬುಟ್ಟಿ ಬೆಲ್ಲ ಇಟ್ರೆ ಮೇಲಕ್ಕೆ ಹಾರ್ಕೊಂಡ್ ಹೋಗ್ತೀರಿ."

ಸಾಹುಕಾರರು ನಗಲಿಲ್ಲ. ಊಟ ಬಿಟ್ಟು ನನ್ನನ್ನೇ ನೋಡುತ್ತಾ ಕೂತರು. ವಾರ ಕಳೆಯುವುದರೊಳಗೆ ನಾನು ಮಠ ಸೇರಿದೆ. ನನ್ನ ದಂಡದ ಮೇಲೆ ಬಿಳಿ ಬಣ್ಣದಲ್ಲಿ "ದಾನಿಗಳು: ಬೆಲ್ಲದ ಮಂಡಿ ಶಾಂತವೀರಪ್ಪನವರು" ಎಂದು ಬರೆಸಲಾಯಿತು.

ತುಲಾಭಾರದ ದಿನ ಮಠದ ಅಂಗಳ ತುಂಬಿತ್ತು. ಸಾಹುಕಾರರು ಬಿಸಿಲಲ್ಲೂ ಉಣ್ಣೆಯ ಕೋಟು ತೊಟ್ಟು, ಪಂಚೆಯ ಮೇಲೆ ಪಂಚೆ ಉಟ್ಟು ಬಂದಿದ್ದರು. ಮಠದ ಗುಮಾಸ್ತ ರುದ್ರಯ್ಯ ಎಡಗಡೆ ಕೂರಿಸಲು ಹೋದಾಗ, "ಇಲ್ಲ ಇಲ್ಲ, ನಾನು ಬಲಗಡೆ. ಬೆಲ್ಲ ಆ ಕಡೆ" ಎಂದು ತಾವೇ ಹೋಗಿ ಬಲ ಹಲಗೆಯ ಮೇಲೆ ಕೂತರು. ಎಲ್ಲರೂ ಅದನ್ನು ಶಾಸ್ತ್ರವೆಂದೇ ತಿಳಿದರು. ಗಿಡ್ಡ ಕೈ ತನ್ನ ಕೆಲಸ ಮಾಡಿತು. ಬೆಲ್ಲ ಏರುತ್ತಾ ಏರುತ್ತಾ ಹೋಯಿತು. ಮರಿಸ್ವಾಮಿಯ ತೂಕ ಮುಟ್ಟಲಾಗಲಿಲ್ಲ, ಆದರೆ ನಗೆಪಾಟಲಿಗೂ ಈಡಾಗಲಿಲ್ಲ. "ನೋಡಕ್ ಅಷ್ಟೆ, ಆಳು ಗಟ್ಟಿ!" ಎಂದು ಯಾರೋ ಅಂದರು. ಕೊರಳಿಗೆ ಹಾರ ಬಿತ್ತು, ಮೈಕು ಹೊಗಳಿತು. ನನ್ನನ್ನು ಸೇರಿಸಿ ಎಲ್ಲರಿಗೂ ಕುಂಕುಮ ಹಚ್ಚಿದರು.

ಅವರ ಹಿಂದೆಯೇ ಚಿಕ್ಕತಾಯಮ್ಮನ ಸರದಿ. ಮಂಡಿಯಲ್ಲಿ ಬೆಲ್ಲ ಆರಿಸಿ, ಕಸ ಗುಡಿಸುತ್ತಿದ್ದ ಹೆಂಗಸು. ತಾಯಿಯಿಲ್ಲದ ಮೊಮ್ಮಗಳು ನಯನ ಜ್ವರದಲ್ಲಿ ಬಿದ್ದಾಗ, ಎದ್ದು ಕೂತರೆ ಮಗುವಿನ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಮಗು ಎದ್ದಿತ್ತು, ಆದರೆ ಮೈ ಹಿಡಿದಿರಲಿಲ್ಲ. ಇನ್ನೂ ಮದ್ದು ನಡೆಯುತ್ತಿತ್ತು. ತೂಕ ಏರದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕೆಂದು ಡಾಕ್ಟರು ಹೇಳಿದ್ದರು. ಮೊನ್ನೆ ಆಸ್ಪತ್ರೆಯಲ್ಲಿ ನರ್ಸಮ್ಮ ಹೇಳಿದ ತೂಕವನ್ನೇ ನೆನಪಿಟ್ಟುಕೊಂಡು ಅಷ್ಟೇ ಬೆಲ್ಲ ಕೊಂಡು ಸೀರೆಯಲ್ಲಿ ಗಂಟು ಕಟ್ಟಿ ತಂದಿದ್ದಳು.

ರುದ್ರಯ್ಯ ಸಾಹುಕಾರರು ಕೂತ ಕಡೆಯೇ ಮಗುವನ್ನು ಕೂರಿಸಿದ. ಎಡಗಡೆ ಬೆಲ್ಲದ ಗಂಟು ಬಿಚ್ಚಿದರು. ಮಗುವಿನ ಹಲಗೆ ಮೇಲೇಳಲಿಲ್ಲ. ಮಗುವಿನ ಸ್ವೆಟರ್ ಬಿಚ್ಚಿಸಿದರು, ಕಾಲಿನ ಗೆಜ್ಜೆ ಬಿಚ್ಚಿಸಿದರು. ಆದರೂ ಏಳಲಿಲ್ಲ. ಚಿಕ್ಕತಾಯಮ್ಮನ ಮುಖ ಮೊದಲು ಬಾಡಿತು, ಆಮೇಲೆ ಅರಳಿತು.

"ಅಯ್ಯೋ, ನನ್ ಮಗಾ ತೂಕ ಬಂದದೆ ಕಣ್ರಪ್ಪೋ! ಮೊನ್ನೆಯಿಂದ ಈಚೆಗೇ ಬಂದದೆ!"

"ಇರ್ಲಿ ಬಿಡವ್ವ, ಇದ್ದಷ್ಟು ಸಾಕು" ಎಂದ ರುದ್ರಯ್ಯ.

"ದೇವ್ರಿಗೆ ತೂಕದಲ್ ಮೋಸ ಮಾಡಕಾಯ್ತದಾ ಸಾಮಿ?"

ಪಕ್ಕದಲ್ಲೇ ಹಾರ ಹಾಕಿಕೊಂಡು ಸಾಹುಕಾರರು ನಿಂತಿದ್ದರು. ಒಂದೇ ಮಾತು ಸಾಕಿತ್ತು. 'ಮಗೂನ ಈ ಕಡೆ ಕೂರಿಸಿ' ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಹಾಗೆಂದರೆ ಯಾಕೆಂದು ಜನ ಕೇಳುತ್ತಾರೆ. ಅವರ ತುಟಿ ಅಲುಗಿದ್ದನ್ನು ನಾನು ನೋಡಿದೆ, ಮಾತು ಬರಲಿಲ್ಲ. ಚಿಕ್ಕತಾಯಮ್ಮ ಕೈಯ ಬೆಳ್ಳಿ ಕಡಗ ಕಳಚಿ ರುದ್ರಯ್ಯನಿಗೆ ಕೊಟ್ಟು, ಸಾಹುಕಾರರ ಬೆಲ್ಲದ ರಾಶಿಯಿಂದಲೇ ಕಡಿಮೆ ಬಿದ್ದಷ್ಟು ಅಚ್ಚುಗಳನ್ನು ಕೊಂಡು ತಂದು ಇಟ್ಟಳು. ಮಗು ಮೇಲಕ್ಕೆದ್ದಿತು. ಜನ ಊಟದ ಪಂಕ್ತಿಗೆ ಎದ್ದರು. ನನಗೆ ಸರಪಳಿ ಕಿತ್ತುಕೊಂಡು ನೆಲಕ್ಕೆ ಬೀಳಬೇಕೆನಿಸಿತು.

ಅಂಗಳ ಖಾಲಿಯಾದ ಮೇಲೂ ಅವಳು ನನ್ನ ಹಲಗೆಯ ಅಂಚಿನಲ್ಲೇ ಕೂತು ಮಗುವಿಗೆ ಗೆಜ್ಜೆ ಕಟ್ಟುತ್ತಿದ್ದಳು. "ಇನ್ ಮೈಸೂರೂ ಬೇಡ, ಸೂಜೀನೂ ಬೇಡ ಕಣವ್ವ, ನೀನ್ ಗಟ್ಟಿಯಾದೆ" ಎಂದು ಮುದ್ದು ಮಾಡುತ್ತಿದ್ದಳು. ಹಿಂದೆ ಸಾಹುಕಾರರು ಬಂದು ನಿಂತಿದ್ದರು. ಹಾರ ತೆಗೆದಿದ್ದರು, ಕೋಟು ಮಾತ್ರ ಮೈಮೇಲೇ ಇತ್ತು.

"ಚಿಕ್ಕತಾಯಿ, ಆಸ್ಪತ್ರೆಗ್ ಕರ್ಕೊಂಡ್ ಹೋಗು. ಖರ್ಚು ನಾನ್ ನೋಡ್ಕೋತೀನಿ."

"ಯಾಕ್ ಬುದ್ಧಿ? ತೂಕ ಬಂದದಲ್ಲ. ನಿಮ್ ತಕ್ಕಡೀಲೇ ತೂಗಿದ್ದು, ಸುಳ್ಳಾದದಾ?"

ಸಾಹುಕಾರರು ನನ್ನ ಎಡಗೈ ಹಿಡಿದುಕೊಂಡರು. "ಸುಳ್ಳೇ ಕಣವ್ವ" ಎಂದರು. "ಈ ಕೈ ಗಿಡ್ಡ ಅದೆ. ನಾನೇ ಮಾಡ್ಸಿದ್ದು."

ಅವಳು ಕೂಗಾಡುತ್ತಾಳೆ, ಇಷ್ಟು ವರ್ಷದ ಬೆಲ್ಲದ ಲೆಕ್ಕ ಕೇಳುತ್ತಾಳೆ, ಪಂಕ್ತಿಯಲ್ಲಿ ಕೂತವರನ್ನೆಲ್ಲ ಕರೆಯುತ್ತಾಳೆ ಎಂದುಕೊಂಡೆ. ಅವಳು ಮಗುವಿನ ತೋಳನ್ನು ಬೆರಳಲ್ಲಿ ಸುತ್ತಿ ನೋಡಿದಳು.

"ಹಂಗಾದ್ರೆ ನನ್ ಮಗಾ ತೂಕ ಬಂದಿಲ್ವಾ ಬುದ್ಧಿ?"

ಸಾಹುಕಾರರು ತಲೆ ತಗ್ಗಿಸಿದರು. ಅಂಥ ತಲೆ ತಗ್ಗಿಸುವಿಕೆಯನ್ನು ನಾನು ರೈತರಲ್ಲಿ ಮಾತ್ರ ನೋಡಿದ್ದೆ. ರುದ್ರಯ್ಯನಿಂದ ಬಿಡಿಸಿ ತಂದ ಕಡಗ ಅವರ ಮುಷ್ಟಿಯಲ್ಲಿತ್ತು. ಅವಳ ಮುಂದೆ ಹಿಡಿದರು. ಅವಳು "ಇದು ನಂದೇ" ಎಂದು ತೆಗೆದುಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿ ಊಟವನ್ನೂ ಮಾಡದೆ ಹೊರಟುಹೋದಳು.

ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋದರಂತೆ, ಸಾಹುಕಾರರ ಕಾರಿನಲ್ಲೇ. ಸ್ವಲ್ಪ ದಿನದಲ್ಲಿ ಸಾಹುಕಾರರು ಮಠಕ್ಕೆ ಕರೆಂಟಿನ ತಕ್ಕಡಿ ತಂದುಕೊಟ್ಟರು. ಅದಕ್ಕೂ ಅವರಿಗೆ ಶಾಲು ಹೊದಿಸಿದರು, ಅದಕ್ಕೂ ಮೈಕಿನಲ್ಲಿ "ದೊಡ್ಡ ಮನಸ್ಸು, ತೂಕದ ವ್ಯಕ್ತಿತ್ವ" ಎಂದರು. ಹೆಂಗಸರ ಸಾಲಿನಲ್ಲಿದ್ದ ಚಿಕ್ಕತಾಯಮ್ಮ ಚಪ್ಪಾಳೆ ತಟ್ಟಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಅವಳು ಬಾಯಿ ಬಿಟ್ಟಿದ್ದರೆ ಸಾಹುಕಾರರಿಗೆ ಎಷ್ಟೋ ಹಗುರವಾಗುತ್ತಿತ್ತು. ಊರೆಲ್ಲ ಕೇಳುವಂತೆ ತಾವೇ ಹೇಳುವ ಧೈರ್ಯ ಅವರಿಗೆ ಬರಲೇ ಇಲ್ಲ. ಬೆಲ್ಲ ಕೊಟ್ಟು ಮೋಸಹೋದವರಿಗೆ ಅದು ಇವತ್ತಿಗೂ ತಿಳಿಯದು. ಅದನ್ನು ನೆನೆದರೆ ನನ್ನ ಕಬ್ಬಿಣಕ್ಕೂ ನಾಚಿಕೆಯಾಗುತ್ತದೆ.

ಈಗ ನಾನು ಮಠದ ಉಗ್ರಾಣದ ತೊಲೆಗೆ ನೇತುಬಿದ್ದಿದ್ದೇನೆ. ತುಕ್ಕು ಹಿಡಿದಿದೆ. ದಾನಿಗಳ ಹೆಸರಿನ ಮೇಲೆ ಜೇಡ ಬಲೆ ಕಟ್ಟಿದೆ. ಚಿಕ್ಕತಾಯಮ್ಮ ಮಠದ ಅಡುಗೆಮನೆ ಸೇರಿದ್ದಾಳೆ. ನಯನ ಹೈಸ್ಕೂಲಿನ ಹುಡುಗಿ. ಅಜ್ಜಿಗೆ ಬೇಳೆ ಒಯ್ಯಲು ಆಗಾಗ ಉಗ್ರಾಣಕ್ಕೆ ಬರುತ್ತಾಳೆ. ಮೊನ್ನೆ ಅವಳು ಬಂದಾಗ ಕೋಲೂರಿಕೊಂಡು ಶಾಂತವೀರಪ್ಪನವರೂ ಬಂದರು. ಮೊದಲೇ ಪೇತಲ, ಈಗ ಮೂಳೆಯ ಮೇಲೆ ಬರೀ ಪಂಚೆ.

"ತಾತ, ಇದ್ರಲ್ ಜೋಕಾಲಿ ಆಡ್ಬೋದಾ?" ಎಂದು ನಯನ ಬಲಗಡೆ ಹಲಗೆಯ ಮೇಲೆ ಕೂತೇಬಿಟ್ಟಳು.

"ಆ ಕಡೆ ಬೇಡ ಮಗ" ಎಂದರು ಸಾಹುಕಾರರು. "ಈ ಕಡೆ ಬಾ. ಎಡಗಡೆ ಕೂತ್ಕೊ."

ಅಂದು ಗಂಟಲಲ್ಲೇ ಉಳಿದ ಮಾತು ಅಂತೂ ಹೊರಗೆ ಬಂತು. ಅವಳು ನಗುತ್ತಾ ಎದ್ದು ಬಂದು ಗಿಡ್ಡ ಕೈಯ ಕಡೆ ಕೂತಳು. ಸಾಹುಕಾರರು ಕೋಲು ಗೋಡೆಗೆ ಒರಗಿಸಿ ಬಲ ಹಲಗೆಯ ಮೇಲೆ ಮೆಲ್ಲಗೆ ಕೂತರು. ನಾನು ಕಿರುಗುಟ್ಟಿದೆ. ಗಿಡ್ಡ ಎಡಗೈ, ಯಾವತ್ತೂ ಮೋಸಕ್ಕೇ ಬಳಕೆಯಾದ ಕೈ, ಈ ಸಲ ಸೀದಾ ಕೆಳಗಿಳಿದು ಹುಡುಗಿಯ ಕಾಲು ನೆಲ ಮುಟ್ಟಿಸಿತು.

"ಅಯ್ಯೋ ತಾತ, ನಿಮಗ್ ತೂಕಾನೇ ಇಲ್ಲ!" ಎಂದು ಅವಳು ಕೇಕೆ ಹಾಕಿದಳು.

"ಇಲ್ಲ ಕಣವ್ವ, ಇರ್ಲೇ ಇಲ್ಲ" ಎಂದರು ಸಾಹುಕಾರರು. ಬೇಳೆ ಕೇಳಲು ಬಂದ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತಿದ್ದಳು. ಅವರು ಅವಳನ್ನು ನೋಡಿದರು, ಆದರೆ ಇಳಿಯಲಿಲ್ಲ. ಕಾಲು ಇಳಿಬಿಟ್ಟುಕೊಂಡು, ಮುಖಕ್ಕೆ ಅಂಗವಸ್ತ್ರ ಅಡ್ಡ ಹಿಡಿದು ಮೇಲೆಯೇ ಕೂತಿದ್ದರು.